ರಮ್ಯಳ ಕೊಡಲಿಗೆ ಒಂದು ಕಾವು

ಸೂಳಗಿರಿ
12-7-2025, ಶನಿವಾರ

ನಾಗವೇಣಿಗೆ,

ಇವತ್ತು ಶನಿವಾರ, ನನಗೆ ಒಪ್ಪೊತ್ತು. ಕತ್ತಲಿರುವಾಗಲೇ ಎದ್ದು ಕೊಟ್ಟಿಗೆ ಗುಡಿಸಿದೆ, ಹಾಲು ಕರೆದು ಡೈರಿಗೆ ಹಾಕಿ ಬಂದೆ, ತಲೆಗೆ ನೀರು ಹಾಕಿಕೊಂಡು ವೆಂಕಟರಮಣನ ಪಟಕ್ಕೆ ತುಳಸಿ ಇಟ್ಟೆ. ಇನ್ನು ಸಂಜೆಯವರೆಗೆ ಒಲೆಯ ಕೆಲಸವಿಲ್ಲ. ಅದಕ್ಕೇ ಈ ಕಾಗದ ಹಿಡಿದು ಕೂತಿದ್ದೇನೆ.

ಮೂರು ವರ್ಷದಿಂದ ನೀನು ನನ್ನ ಫೋನು ಎತ್ತಿಲ್ಲ. ಎತ್ತಬೇಕಾಗಿತ್ತು ಎಂದು ನಾನು ಹೇಳುವುದಿಲ್ಲ. ಕಾಗದವಾದರೆ ನಿನ್ನ ಮನೆಯಲ್ಲಿ ಒಂದು ಕಡೆ ಬಿದ್ದಿರುತ್ತದೆ, ಮನಸ್ಸಾದಾಗ ಓದಬಹುದು. ನಿನ್ನ ಮಗಳು ನಾಳೆ ಮತ್ತೆ ಬರುತ್ತಾಳೆ, ಅವಳ ಕೈಯಲ್ಲೇ ಕಳಿಸುತ್ತೇನೆ. ರಮ್ಯ ತಮಿಳು ಮೀಡಿಯಂನಲ್ಲಿ ಓದಿದವಳು, ಕನ್ನಡ ಅಕ್ಷರ ಅವಳಿಗೆ ಬಾರದು. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಎಂಟನೇ ಕ್ಲಾಸಿನ ತನಕ ಕಲಿತದ್ದು ಇವತ್ತು ಉಪಯೋಗಕ್ಕೆ ಬಂತು.

ಮೊನ್ನೆ ಗುರುವಾರ ಅವಳು ಇಲ್ಲಿಗೆ ಬಂದಿದ್ದಳು. ನಿನಗೆ ಹೇಳದೆ ಬಂದಿದ್ದಳು. ಅವಳನ್ನು ಬಯ್ಯಬೇಡ.

ಅವಳು ಕೆಲಸ ಮಾಡುವ ಫ್ಯಾಕ್ಟರಿಯಲ್ಲಿ ಮರ ಕೊಯ್ಯುವ ಮೆಷಿನು ಮಾಡುತ್ತಾರಲ್ಲ, ಅಲ್ಲಿ ದೀಪಾವಳಿಗೆ ಮುಂಚೆ ಮರ ಕಡಿಯುವ ಪಂದ್ಯವಂತೆ. ಇಷ್ಟು ವರ್ಷ ಗಂಡಸರಿಗೆ ಮಾತ್ರ ಇತ್ತು, ಈ ವರ್ಷ ಹೆಂಗಸರಿಗೂ ಇಟ್ಟಿದ್ದಾರೆ. ನೀಲಗಿರಿ ದಿಮ್ಮಿಯನ್ನು ನೆಲದಲ್ಲಿ ಅಡ್ಡ ಮಲಗಿಸಿ, ಅದರ ಮೇಲೆ ಕಾಲು ಅಗಲಿಸಿ ನಿಂತು, ಎರಡು ಪಾದದ ನಡುವೆ ಕಡಿಯಬೇಕು. ಯಾರ ದಿಮ್ಮಿ ಮೊದಲು ತುಂಡಾಗುತ್ತದೋ ಅವರು ಗೆದ್ದಂತೆ. ಕೊಡಲಿ ಅವರವರದೇ ತರಬೇಕು.

ಬಂದವಳು ಚಪ್ಪಲಿ ಬಿಡುವ ಮೊದಲೇ ನಮ್ಮವರನ್ನು ಕೇಳಿದಳು.

"ಮಾಮ, ನಂಗೊಂದು ಕೊಡ್ಲಿ ಆರಿಸಿ ಕಾವು ಹಾಕ್ಕೊಡು."

ನಾನು ಕೇಳಿದೆ, "ನಿಮ್ಮಮ್ಮಂಗೆ ಗೊತ್ತೇನೇ?"

"ಗೊತ್ತಾದ್ರೆ ಕಾಲು ಮುರೀತಾಳೆ ಅತ್ತೆ."

"ಅವಳ್ಯಾಕೆ ಮುರೀಬೇಕು? ಹಂಗೆ ನಿಂತ್ಕಂಡು ಕಡುದ್ರೆ ನೀನೇ ಕಡ್ಕಂತೀಯಲ್ಲ!"

ಅವಳು ನಕ್ಕಳು. ಅವಳಪ್ಪ ಶ್ಯಾಮಣ್ಣ ನಗುತ್ತಿದ್ದ ಹಾಗೆಯೇ ತಲೆ ಹಿಂದಕ್ಕೆ ಹಾಕಿ ನಕ್ಕಳು. ನಮ್ಮವರು ಎದ್ದು ಕೊಟ್ಟಿಗೆಗೆ ಹೋದರು. ಅವಳು ಹಿಂದೆಯೇ ಹೋದಳು. "ನಾನು ಮುಟ್ಟಾಕಿಲ್ಲ ಕಣವ್ವ" ಎಂದದ್ದು ಮಾತ್ರ ನನಗೆ ಕೇಳಿಸಿತು.

ತಮ್ಮ ಕೈಯಲ್ಲಿದ್ದ ಕೊಡಲಿಯ ತಲೆ ಕಾವಿನಿಂದ ಕಳಚಿ ಹಾರಿ, ಎದುರಿಗಿದ್ದ ಶ್ಯಾಮಣ್ಣನಿಗೆ ಬಡಿದು ಅವನು ತೀರಿಕೊಂಡ ದಿನದಿಂದ ನಮ್ಮವರು ಕೊಡಲಿ ಮುಟ್ಟಿಲ್ಲ. ಒಲೆಗೆ ಸೌದೆ ಬೇಕಾದರೂ ಸೀಳಿದ್ದನ್ನೇ ಕೊಂಡು ತರುತ್ತೇವೆ. ಆದರೆ ಪಾದದ ನಡುವೆ ಕಡಿಯುವ ಹುಡುಗಿಗೆ ಯಾರೋ ಹಾಕಿದ ಕಾವು ಆಗದು. ಅವರಷ್ಟು ಗಟ್ಟಿಯಾಗಿ ಕಾವು ಹಾಕುವವರು ಈ ಕಡೆ ಇಲ್ಲವೆಂದು ಶ್ಯಾಮಣ್ಣನೇ ಹೇಳುತ್ತಿದ್ದ. ನೀನು ಸರಿ ಎಂದರೆ ನಾನು ಅವರನ್ನು ಒಪ್ಪಿಸಲು ನೋಡುತ್ತೇನೆ. ನೀನು ಬೇಡ ಎಂದರೆ ಇಲ್ಲಿಗೆ ಬಿಟ್ಟೆ.

ಇಂತಿ,
ಮುನಿರತ್ನಮ್ಮ


ಆಲಸನತ್ತಂ, ಹೊಸೂರು
27-7-2025

ಮುನಿರತ್ನಮ್ಮನವರಿಗೆ,

ನಿಮ್ಮ ಕಾಗದ ಓದಿದೆ. ರಮ್ಯಳ ಹತ್ತಿರ ನಾಲ್ಕು ದಿನ ಮಾತು ಬಿಟ್ಟೆ. ಅವಳು ನಾನು ಬಡಿಸಿದ್ದನ್ನು ತಿಂದುಕೊಂಡು ಕೆಲಸಕ್ಕೆ ಹೋಗಿ ಬಂದಳು. ಐದನೇ ದಿನ, "ಅಮ್ಮ, ನೀನು ಮಾತಾಡಿದ್ರೂ ಹೋಗ್ತೀನಿ, ಮಾತಾಡ್ದಿದ್ರೂ ಹೋಗ್ತೀನಿ, ಸುಮ್ನೆ ಬಾಯಿ ಯಾಕೆ ನೋಯಿಸ್ಕಂತೀಯ?" ಎಂದಳು. ಮಾತಾಡದೆ ಇದ್ದರೆ ಬಾಯಿ ಹೇಗೆ ನೋಯುತ್ತದೆ ಎಂದು ಕೇಳಿದೆ. ಅಲ್ಲಿಗೆ ಮಾತು ಬಿಟ್ಟದ್ದು ಮುಗಿಯಿತು. ಅವಳಿಗೆ ಇಪ್ಪತ್ತನಾಲ್ಕು ವರ್ಷ. ಕಟ್ಟಿಹಾಕಲು ಆಗುವುದಿಲ್ಲ.

ಆನ್‌ಲೈನಿನಲ್ಲಿ ಒಂದು ಕೊಡಲಿ ತರಿಸಿದ್ದಾಳೆ. ಕೆಂಪು ಬಣ್ಣ, ನೋಡಲು ಚೆಂದ. ನಾನು ಹಿಡಿದು ಅಲ್ಲಾಡಿಸಿದೆ. ತಲೆ ಕಾವಿನ ಮೇಲೆ ಅಲ್ಲಾಡಿತು. ಆಮೇಲೆ ನನಗೆ ಊಟ ಸೇರಲಿಲ್ಲ.

ಒಳ್ಳೆಯ ಕೊಡಲಿಯಲ್ಲಿ ಏನೇನು ನೋಡಬೇಕೋ ಬರೆಯಿರಿ. ಸಂತೆಗೆ ಹೋಗಿ ಆರಿಸುತ್ತಿದ್ದವರು ನೀವು. ನಮ್ಮನೆಯ ಕೊಡಲಿಗಳೂ ನೀವು ಆರಿಸಿದ್ದವೇ.

ನಿಮ್ಮ ಯಜಮಾನರ ಕೈ ಮಾತ್ರ ನನ್ನ ಮಗಳ ಕೊಡಲಿಗೆ ತಾಗುವುದು ಬೇಡ.

ನಾಗವೇಣಿ


ಸೂಳಗಿರಿ
9-8-2025, ಶನಿವಾರ

ನಾಗವೇಣಿಗೆ,

ನಿನ್ನೆ ವರಮಹಾಲಕ್ಷ್ಮಿ. ಕಳಸ ಕೂರಿಸಿದೆ. ಅಕ್ಕಪಕ್ಕದವರು ಅರಿಶಿನ ಕುಂಕುಮಕ್ಕೆ ಬಂದು ಹೋದರು. ನಾನು ಕೊಡುತ್ತಾ ಹೋದೆ, ಅವರು ತೆಗೆದುಕೊಳ್ಳುತ್ತಾ ಹೋದರು.

ನೀನು ಹೇಳಿದ ಹಾಗೆಯೇ ಆಗಲಿ. ಅವರು ಮುಟ್ಟುವುದಿಲ್ಲ. ಏನು ನೋಡಬೇಕೆಂದು ನಾನು ಬರೆಯುತ್ತೇನೆ.

ಬಣ್ಣ ಹಚ್ಚಿದ್ದನ್ನು ಕೊಳ್ಳಬೇಡ. ಬಣ್ಣದ ಕೆಳಗೆ ಬಿರುಕು ಇದ್ದರೆ ಕಾಣುವುದಿಲ್ಲ. ರಾಯಕೋಟೆಯ ಆಚಾರಿ ಮುತ್ತರಾಯಪ್ಪನ ಹತ್ತಿರ ಹೋಗು. ಅವನು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಾ ಕಾಯಿಸಿ ಬಡಿಯುತ್ತಾನೆ. ತಲೆ ಮಾತ್ರ ತೆಗೆದುಕೋ. ಕಾವು ಸೇರುವ ತೂತಿನಲ್ಲಿ ಒಂದು ದಾರ ಕಟ್ಟಿ ತೂಗುಬಿಟ್ಟು, ಕಲ್ಲಿನಿಂದ ಮೆಲ್ಲಗೆ ತಟ್ಟು. ಪೂಜೆಯ ಗಂಟೆಯ ಹಾಗೆ ಸದ್ದು ಎಳೆದುಕೊಂಡು ಹೋಗಬೇಕು. ಮಡಕೆ ತಟ್ಟಿದ ಹಾಗೆ ಅಲ್ಲೇ ಸತ್ತುಹೋದರೆ ಒಳಗೆ ಬಿರುಕಿದೆ ಎಂದು ತಿಳಿ. ನಮ್ಮವರು ಭಾರ ನೋಡುತ್ತಿದ್ದರು, ಸದ್ದು ಕೇಳುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷ ಹಾಗೆ ಆರಿಸಿದೆವು.

ಆಮೇಲೆ ಬಾಯಿಗೆ ಅರ ಹಾಕಿ ನೋಡು. ಅರ ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ಹದ ಜಾಸ್ತಿಯಾಗಿದೆ, ಗಂಟು ಸಿಕ್ಕರೆ ಬಾಯಿ ಚೂರು ಹಾರುತ್ತದೆ. ಬೆಲ್ಲ ಕೆರೆದ ಹಾಗೆ ಬಂದರೆ ಹದ ಸಾಲದು, ಮಡಿಚಿಕೊಳ್ಳುತ್ತದೆ. ಕಷ್ಟಪಟ್ಟು ಕಚ್ಚಬೇಕು.

ಸೌದೆ ಸೀಳುವ ಕೊಡಲಿ ಬೇರೆ, ಅಡ್ಡ ಕಡಿಯುವ ಕೊಡಲಿ ಬೇರೆ. ನಮ್ಮ ಗಂಡಸರಿಬ್ಬರೂ ಸೇರಿ ಹುಣಸೆ ಸೀಳುತ್ತಿದ್ದದ್ದು ದಪ್ಪ ಕೆನ್ನೆಯದು. ಇವಳಿಗೆ ಹಸಿ ನೀಲಗಿರಿಯನ್ನು ಅಡ್ಡ ಕಡಿಯಬೇಕು, ಬಾಯಿ ಅಗಲವಾಗಿ ಕೆನ್ನೆ ತೆಳ್ಳಗಿರಲಿ. ಅದರಲ್ಲಿ ಮನೆಯ ಸೌದೆ ಸೀಳಲು ಹೋಗಬೇಡಿ. ಭಾರ ಎಷ್ಟು ಎಂದು ಅಂಗಡಿಯವನನ್ನು ಕೇಳಬಾರದು, ಅವಳ ತೋಳನ್ನೇ ಕೇಳಬೇಕು. ಇಪ್ಪತ್ತನೇ ಏಟಿಗೂ ಮೊದಲ ಏಟಿನಷ್ಟೇ ಎತ್ತರಕ್ಕೆ ಎತ್ತಲಾದರೆ ಅದು ಅವಳದು.

ಕಾವಿಗೆ ದಿಂಡಿಗ ಸಿಕ್ಕರೆ ಬೇರೆ ಮರ ನೋಡಬೇಡ. ಗಂಟಿರಬಾರದು. ನಾರು ತುದಿಯಿಂದ ತುದಿಗೆ ಓಡಿರಬೇಕು, ನಡುವೆ ಪಕ್ಕಕ್ಕೆ ಹೊರಟುಹೋಗಿದ್ದರೆ ಅಲ್ಲೇ ಮುರಿಯುತ್ತದೆ. ಕಾವಿನ ತುದಿ ಅಂಗೈಯಲ್ಲಿ ಹಿಡಿದರೆ ಕೊಡಲಿಯ ತಲೆ ಅವಳ ಕಂಕುಳಿಗೆ ಬರಬೇಕು. ಪಾಲಿಶ್ ಬೇಡ, ಅಂಗೈ ಬೊಬ್ಬೆ ಬರುತ್ತದೆ. ಎಣ್ಣೆ ಸಾಕು. ಹಾಕಿಸಿದ ಮೇಲೆ ಒಂದು ಕಣ್ಣು ಮುಚ್ಚಿ ಕಾವಿನ ಉದ್ದಕ್ಕೂ ನೋಡು. ಬಾಯಿ ಅದೇ ಗೆರೆಯಲ್ಲಿರಬೇಕು.

ಇನ್ನು, ಕಡಿಯುವ ಹಿಂದಿನ ಸಂಜೆ ಕೊಡಲಿಯನ್ನು ಬಾನಿಯ ನೀರಿನಲ್ಲಿ ತಲೆ ಮುಳುಗುವಂತೆ ನೆನೆಹಾಕಬೇಕು. ಕಾವು ಉಬ್ಬಿ ಗಟ್ಟಿಯಾಗಿ ಕೂರುತ್ತದೆ. ಇದನ್ನು ಮರೆಯಬಾರದು. ರಮ್ಯಳಿಗೆ ಹೇಳಬೇಡ, ನೀನೇ ಹಾಕು. ಮಕ್ಕಳು ಮರೆಯುತ್ತಾರೆ.

ಮುನಿರತ್ನಮ್ಮ


ಆಲಸನತ್ತಂ
14-9-2025

ಮುನಿರತ್ನಮ್ಮನವರಿಗೆ,

ರಾಯಕೋಟೆಗೆ ಹೋಗಿದ್ದೆವು. ಮುತ್ತರಾಯಪ್ಪನಿಗೆ ಈಗ ಕಣ್ಣು ಮಂಜು, ಮಗ ಬಡಿಯುತ್ತಾನೆ. ನಾನು ಏಳು ತಲೆಗಳನ್ನು ದಾರದಲ್ಲಿ ಕಟ್ಟಿ ತಟ್ಟಿದೆ. "ಏನಮ್ಮೋ, ಕೊಡ್ಲಿ ತಗಂತೀಯೋ ಪೂಜೆ ಮಾಡ್ತೀಯೋ?" ಎಂದು ಮುದುಕ ಹಂಗಿಸಿದ. ಐದನೆಯದು ನೀವು ಹೇಳಿದ ಹಾಗೆ ಕೂಗಿತು. ಅದನ್ನೇ ತಂದೆ. ದಿಂಡಿಗದ ತುಂಡೂ ಅವನ ಹತ್ತಿರವೇ ಸಿಕ್ಕಿತು. ಕಾವು ಹಾಕಿಕೊಡಲು ಅವನ ಕೈಯಲ್ಲಿ ಈಗ ಆಗುವುದಿಲ್ಲವಂತೆ, ಮಗನಿಗೆ ಆ ಕೆಲಸ ಬಾರದಂತೆ.

ಫ್ಯಾಕ್ಟರಿಯಲ್ಲಿ ಹುಡುಗಿಯರಿಗೆ ಕಲಿಸುವವನು ವಾಸು ಎಂಬ ಹುಡುಗ. ಕನ್ನಡದವನೇ, ಮಂಡ್ಯ ಕಡೆಯಿಂದ ಕೆಲಸಕ್ಕೆ ಬಂದವನು. ಅವನಿಗೆ ಮೆಷಿನಿನಲ್ಲಿ ಮಾಡಿದ ಕಾವು ಕೂರಿಸುವುದು ಗೊತ್ತು. ಇದರ ತೂತು ಕೈಯಲ್ಲಿ ಬಡಿದದ್ದು, ಒಂದು ಕಡೆ ಅಗಲ ಒಂದು ಕಡೆ ಸಣ್ಣ, ನನ್ನಿಂದಾಗದು ಅಕ್ಕ ಎಂದ.

ಅವನಿಗೆ ನೀವು ಬರೆದ ನೆನೆಹಾಕುವ ಮಾತು ಹೇಳಿದೆ. ಅವನು ಹೌಹಾರಿದ. "ಅಯ್ಯೋ, ನೀರಿಗೆ ಮಾತ್ರ ಹಾಕ್ಬೇಡಿ!" ಎಂದ. ನೀರು ಕುಡಿದ ಕಾವು ಉಬ್ಬಿ ಕಬ್ಬಿಣಕ್ಕೆ ಒತ್ತಿಕೊಂಡು ತನ್ನ ನಾರನ್ನು ತಾನೇ ಜಜ್ಜಿಕೊಳ್ಳುತ್ತದಂತೆ. ಒಣಗಿದಾಗ ಮೊದಲಿಗಿಂತ ಸಣ್ಣದಾಗುತ್ತದಂತೆ. ದಿನಾ ನೆನೆಹಾಕಿದರೆ ದಿನಾ ಸಣ್ಣದಾಗುತ್ತದೆ. ಅವನ ಹತ್ತಿರ ಹಾಗೆ ಹಾಳಾದ ಒಂದು ಹಳೆಯ ಕೊಡಲಿ ಇತ್ತು. ಕಾವು ಎಳೆದು ತೋರಿಸಿದ. ತಲೆಯೊಳಗಿದ್ದ ಭಾಗ ಕಪ್ಪಾಗಿ, ಉಗುರಿನಲ್ಲಿ ಕೆರೆದರೆ ಪುಡಿಯಾಗಿ ಬಂತು. ಒಣ ಮರ, ಒಣ ಬೆಣೆ, ಅಷ್ಟೇ ಎಂದ.

ನಮ್ಮ ಊರಿನಲ್ಲಿ ಹಾಕದವರು ಯಾರು? ನನ್ನತ್ತೆ ಹಾಕುತ್ತಿದ್ದರು, ನಾನು ಹಾಕುತ್ತಿದ್ದೆ. ನಮ್ಮವರು ಹೋದ ಮೇಲೂ ಹದಿನೈದು ದಿನ ಸಂಜೆಯಾದರೆ ಅವರ ಕೊಡಲಿಯನ್ನು ಬಾನಿಗೆ ಇಳಿಸುತ್ತಿದ್ದೆ. ಅತ್ತೆ ನೋಡಿ ತೆಗೆದು ಒಳಗಿಟ್ಟರು.

ನನಗೆ ಒಂದು ತಿಳಿಯಬೇಕು. ನಿಮ್ಮ ಯಜಮಾನರು ಕುಡಿದಿದ್ದರು, ಕೊಡಲಿ ನೋಡಿಕೊಳ್ಳದೆ ಬೀಸಿದರು ಎಂದು ಜನ ಹೇಳಿದರು. ಅವರು ಇಲ್ಲ ಎನ್ನಲಿಲ್ಲ. ನಾನು ನಂಬಿದೆ. ಅವತ್ತು ಆ ಕೊಡಲಿಯನ್ನು ನೀವು ನೆನೆಹಾಕಿದ್ದಿರೋ ಇಲ್ಲವೋ? ಬರೆಯಿರಿ.

ನಾಗವೇಣಿ


ಸೂಳಗಿರಿ
27-9-2025, ಪುರಟಾಸಿ ಮಾಸದ ಎರಡನೇ ಶನಿವಾರ

ನಾಗವೇಣಿಗೆ,

ಇಲ್ಲ. ನೆನೆಹಾಕಿರಲಿಲ್ಲ.

ಅವತ್ತು ಪುರಟಾಸಿಯ ಮೂರನೇ ಶನಿವಾರ. ಹಿಂದಿನ ಸಂಜೆ ಬೆಟ್ಟದ ಗುಡಿಗೆ ಒಯ್ಯಲು ತಂಬಿಟ್ಟು ಕಟ್ಟುತ್ತಾ ಕೂತವಳಿಗೆ ಕೊಡಲಿಯ ನೆನಪಾಗಲಿಲ್ಲ. ಬೆಳಗ್ಗೆ ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ನಾಮ ಇಟ್ಟುಕೊಂಡು ಹೊರಡುತ್ತಿದ್ದೆ. ಬಸ್ಸಿನ ಹೊತ್ತಾಗಿತ್ತು. ನಮ್ಮವರು ಹಿತ್ತಲಿನಿಂದ ಕೂಗಿದರು, "ರತ್ನ, ಕೊಡ್ಲಿ ನೆನೆಹಾಕಿದ್ದೇನೇ?" ನಾನು "ಹೂಂ" ಎಂದೆ. ಇಲ್ಲ ಎಂದರೆ ಬಯ್ಯುತ್ತಾರೆ, ಬಯ್ಗುಳ ಕೇಳಿಸಿಕೊಂಡು ದೇವರ ಹತ್ತಿರ ಹೋಗುವುದು ಬೇಡವೆಂದು "ಹೂಂ" ಎಂದೆ. ಬೆಟ್ಟದ ಮೇಲೆ ಸಾಲಿನಲ್ಲಿ ನಿಂತಿದ್ದಾಗ ಫೋನು ಬಂತು.

ಅವರು ಅವತ್ತು ಕುಡಿದಿರಲಿಲ್ಲ. ನಮ್ಮ ಮದುವೆಯಾದ ಮೇಲೆ ಅವರು ಕುಡಿದದ್ದನ್ನು ನಾನು ನೋಡಿಲ್ಲ. ಜನ ಅಂದಾಗ ಅವರು ಯಾಕೆ ಸುಮ್ಮನಿದ್ದರು ಎಂದು ನನಗೂ ತಿಳಿದಿರಲಿಲ್ಲ. ನಾನೂ ಸುಮ್ಮನಿದ್ದೆ.

ಮೂರು ವರ್ಷ ಒಂದು ಶನಿವಾರವನ್ನೂ ಬಿಡದೆ ಒಪ್ಪೊತ್ತಿದ್ದೇನೆ. ಹಸಿವೂ ಆಗುವುದಿಲ್ಲ. ಗುಡಿಯಲ್ಲಿ ಮಂಗಳಾರತಿ ಮುಂದೆ ಬಂದರೆ ಎಲ್ಲರಂತೆ ಕೈ ಚಾಚಿ ಕಣ್ಣಿಗೆ ಒತ್ತಿಕೊಳ್ಳುತ್ತೇನೆ. ಬಿಸಿ ತಾಗುತ್ತದೆ, ಅಷ್ಟೇ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನೆನೆಹಾಕದೆ ಕೊಂದೆ ಎಂದುಕೊಂಡಿದ್ದೆ. ನೆನೆಹಾಕಿ ಹಾಕಿ ಕೊಂದೆ ಎಂದು ಆ ಹುಡುಗ ಹೇಳುತ್ತಾನೆ. ಅಳು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಎದ್ದು ಹಸುವಿಗೆ ಕಲಗಚ್ಚು ಇಟ್ಟೆ, ಬಟ್ಟೆ ಒಗೆದೆ.

ನಿನಗೆ ಬರೆಯುವ ಮೊದಲು ಅವರಿಗೆ ಹೇಳಬೇಕೆನಿಸಿತು. ಇವತ್ತು ಬೆಳಗ್ಗೆ ಅವರು ಬೇಲಿ ಕಟ್ಟುತ್ತಿದ್ದರು. ಪಕ್ಕದಲ್ಲಿ ನಿಂತು ಹೇಳಿಬಿಟ್ಟೆ. ಅವರು ಹಗ್ಗದ ಗಂಟು ಪೂರ್ತಿ ಬಿಗಿದ ಮೇಲೆ ತಲೆ ಎತ್ತಿದರು.

"ನಂಗೊತ್ತು ಕಣೇ."

"ಏನು ಗೊತ್ತು?"

"ನೆಂದಿದ್ ಕಾವಿಗೂ ಒಣ್ಗಿದ್ ಕಾವಿಗೂ ಕೈಗೆ ಗೊತ್ತಾಗಲ್ವಾ? ಹಿಡಿದೇಟ್ಗೇ ಗೊತ್ತಾಯ್ತು. ಒಂದಿನ ತಾನೆ, ಏನಾಯ್ತದೆ ಅಂತ ಎತ್ಕಂಡ್ ಹೋಗ್ಬುಟ್ಟೆ."

"ಮತ್ತೆ ಜನ ಅಷ್ಟೆಲ್ಲ ಅಂದಾಗ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನನ್ನೆಂಡ್ರು ಸುಳ್ಳೇಳಿ ದೇವಸ್ಥಾನಕ್ಕೆ ಹೋದ್ಲು ಅಂತಲಾ? ಹೋಗು, ಆ ಕುಡುಗೋಲು ತತ್ತಾ."

ತಂದುಕೊಟ್ಟೆ. ಅವರು ಬೇಲಿ ಕಟ್ಟುವುದನ್ನು ಮುಂದುವರಿಸಿದರು.

ನೀನು ಕೇಳಿದ್ದಕ್ಕೆ ಉತ್ತರ ಇದು. ಕ್ಷಮಿಸು ಎಂದು ಬರೆದರೆ ನೀನು ಏನಾದರೂ ಕೊಡಬೇಕಾಗುತ್ತದೆ, ಅದಕ್ಕೇ ಬರೆದಿಲ್ಲ. ರಮ್ಯಳ ಕೊಡಲಿಗೆ ಕಾವು ಹಾಕುವವರು ಇನ್ನೂ ಸಿಕ್ಕಿಲ್ಲವಾದರೆ ನಮ್ಮವರ ಕೈಯಿಂದ ಹಾಕಿಸು. ಅವರು ಮಾಡಿದ ತಪ್ಪು ನನ್ನ ಮಾತನ್ನು ನಂಬಿದಂತೆ ನಟಿಸಿದ್ದು ಒಂದೇ.

ಮುನಿರತ್ನಮ್ಮ


ಆಲಸನತ್ತಂ
5-10-2025

ಮುನಿರತ್ನಮ್ಮ,

ಮೂರು ವರ್ಷ ನಾನು ನಿನ್ನ ಗಂಡ ಮುನಿಯಲ್ಲಪ್ಪಣ್ಣನ ಹೆಸರು ಹಿಡಿದು ಶಾಪ ಹಾಕಿದೆ. ದೀಪ ಹಚ್ಚಿ, ಅದರ ಮುಂದೆ ಕೂತು ಹಾಕಿದೆ. ಊರಿನಲ್ಲಿ ಅವರು ಎದುರಾದರೆ ರಮ್ಯಳ ಕೈ ಹಿಡಿದು ಬೇರೆ ಬೀದಿಗೆ ತಿರುಗುತ್ತಿದ್ದೆ. ಅವರು ನಿಂತು ದಾರಿ ಬಿಡುತ್ತಿದ್ದರು. ಕೊನೆಗೆ ಅವರ ಮುಖ ನೋಡಲಾಗದೆ ಊರನ್ನೇ ಬಿಟ್ಟೆ. ಅಷ್ಟು ದಿನವೂ ನೀನು ಅವರ ಹಿಂದೆ ನಿಂತಿದ್ದೆ.

ನೆನೆಹಾಕಿದ್ದರೂ ಅದು ಕಳಚಿಕೊಳ್ಳುತ್ತಿತ್ತು, ಅವತ್ತಲ್ಲದಿದ್ದರೆ ಇನ್ನೊಂದು ದಿನ ಎಂದು ವಾಸು ಹೇಳುತ್ತಾನೆ. ಅದು ನನಗೆ ಅರ್ಥವಾಗುತ್ತದೆ. ನಾನೇ ನೆನೆಹಾಕಿದ ಕೊಡಲಿ ಕಳಚಿ ನಿನ್ನ ಗಂಡನಿಗೆ ಬಡಿಯಬಹುದಾಗಿತ್ತು ಎಂಬುದೂ ಅರ್ಥವಾಗುತ್ತದೆ. ಅರ್ಥವಾದರೂ ನಿನ್ನ ಆ "ಹೂಂ" ನನ್ನ ಕಿವಿಯಿಂದ ಹೋಗುತ್ತಿಲ್ಲ.

ಬರುವ ಹತ್ತೊಂಬತ್ತನೇ ತಾರೀಕು, ಭಾನುವಾರ, ಪಂದ್ಯ. ಹನ್ನೆರಡನೇ ತಾರೀಕು ಮುನಿಯಲ್ಲಪ್ಪಣ್ಣ ಬರಲಿ. ನನ್ನ ಬಾಗಿಲಲ್ಲಿ ಕೂತು, ನನ್ನ ಕಣ್ಣೆದುರಿಗೆ ಕಾವು ಹಾಕಲಿ. ಊಟ ಮಾಡಿಕೊಂಡು ಹೋಗಲಿ. ಅವರಿಗೆ ಅವರೇಕಾಳು ಸಾರು ಇಷ್ಟ ಎಂದು ನನಗೆ ನೆನಪಿದೆ. ಈಗ ಸಿಗುವುದಿಲ್ಲ, ಬೇರೆ ಏನಾದರೂ ಮಾಡುತ್ತೇನೆ.

ನೀನು ಬರಬೇಡ.

ನಾಗವೇಣಿ


ಸೂಳಗಿರಿ
11-10-2025, ಶನಿವಾರ

ನಾಗವೇಣಿಗೆ,

ನಿನ್ನ ಕಾಗದವನ್ನು ಅವರಿಗೆ ಓದಿ ಹೇಳಿದೆ. ಕೊನೆಯ ಸಾಲು ಬಿಟ್ಟು ಓದೋಣ ಎಂದು ಒಂದು ಗಳಿಗೆ ಅನಿಸಿತು. ಬಿಡದೆ ಓದಿದೆ.

"ಹಂಗಾರೆ ನಾನೂ ಹೋಗಾಕಿಲ್ಲ" ಎಂದರು.

"ನನ್ನ ಮೇಲಿನ ಕ್ವಾಪಕ್ಕೆ ಆ ಮಗಿ ಕಾಲು ಯಾಕೆ ಹೋಗ್ಬೇಕು? ಎದ್ದು ಸಾಮಾನು ತಗಿ" ಎಂದೆ.

ಎದ್ದರು. ಅಟ್ಟದಿಂದ ಬಾಚಿ, ಉಳಿ, ಅರ ಇಳಿಸಿದರು. ಬಾಚಿಗೆ ತುಕ್ಕು ಹಿಡಿದಿತ್ತು, ಮಧ್ಯಾಹ್ನವೆಲ್ಲ ಕಲ್ಲಿಗೆ ಹಾಕಿ ಉಜ್ಜಿದರು. ಬೆಣೆಗೆ ಮೂರು ಚಕ್ಕೆ ಸೀಳಿ, ಸೌದೆ ಒಲೆಯ ಮೇಲಿನ ಹಲಗೆಯಲ್ಲಿ ಒಣಗಲು ಇಟ್ಟಿದ್ದಾರೆ. "ಒಣ ಮರ, ಒಣ ಬೆಣೆ" ಎಂದು ವಾಸು ಹೇಳಿದ್ದನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡರು. ಐವತ್ತೈದು ವರ್ಷದ ಮನುಷ್ಯ, ಪಾಠ ಒಪ್ಪಿಸುವವರ ಹಾಗೆ ಬಾಯಲ್ಲಿ ಹೇಳಿಕೊಳ್ಳುತ್ತಿದ್ದರು.

ನಾಳೆ ಬೆಳಗ್ಗೆ ಮೊದಲ ಬಸ್ಸಿಗೆ ಹೊರಡುತ್ತಾರೆ. ಈ ಕಾಗದ ಅವರ ಜೇಬಿನಲ್ಲೇ ಬರುತ್ತದೆ. ಅವರು ಮಾತಾಡದಿದ್ದರೆ ಬೇಜಾರು ಮಾಡಿಕೊಳ್ಳಬೇಡ, ಮನೆಯಲ್ಲೂ ಅಷ್ಟೇ. ಬೆಣೆ ಬಡಿದಾದ ಮೇಲೆ ಕೊಡಲಿಯನ್ನು ಅವರ ಕೈಯಿಂದ ತೆಗೆದುಕೊಂಡು ನೀನೇ ಅಲ್ಲಾಡಿಸಿ ನೋಡು. ನಿನಗೆ ಸಮಾಧಾನವಾಗುವ ತನಕ ನೋಡು. ಅವರು ಏನೂ ಅಂದುಕೊಳ್ಳುವುದಿಲ್ಲ. ಸ್ವಲ್ಪ ಅಲ್ಲಾಡಿದರೂ ಬಿಚ್ಚಿಸಿ ಮತ್ತೆ ಹಾಕಿಸು.

ನಾನು ಬರುವುದಿಲ್ಲ. ನೀನು ಬರಬೇಡ ಎಂದದ್ದು ಓದಿದಾಗ ಎದೆಯಲ್ಲಿ ಏನೋ ಸ್ವಲ್ಪ ನೋಯಿತು. ಬಹಳ ದಿನವಾಗಿತ್ತು ಹಾಗೆ ನೊಂದು.

ಪಂದ್ಯವಾದ ಮಾರನೇ ದಿನ ನಮ್ಮ ಬೀದಿಯ ಬೈರಮ್ಮ ಹಬ್ಬಕ್ಕೆ ಹೂವು ತರಲು ಹೊಸೂರು ಮಾರ್ಕೆಟ್ಟಿಗೆ ಬರುತ್ತಾಳೆ. ನಿನ್ನ ಮನೆಗೆ ಹೋಗಿ ಬಾ ಎಂದು ಹೇಳಿದ್ದೇನೆ. ಅವಳಿಗೆ ಏನೂ ಗೊತ್ತಿಲ್ಲ, ಏನೂ ಕೇಳುವುದಿಲ್ಲ. ರಮ್ಯ ಗೆದ್ದಳೋ ಸೋತಳೋ ಬೇಡ, ದಿಮ್ಮಿಯಿಂದ ಕೆಳಗಿಳಿದಳು ಎಂದು ಒಂದು ಸಾಲು ಬರೆ. ಬರೆಯಲು ಮನಸ್ಸಾಗದಿದ್ದರೆ ಬರಿ ಹಾಳೆಯನ್ನೇ ಮಡಿಸಿ ಕೊಡು, ಇಳಿದಳು ಎಂದೇ ತಿಳಿದುಕೊಳ್ಳುತ್ತೇನೆ. ಬೈರಮ್ಮ ಬಾಗಿಲಲ್ಲೇ ನಿಂತಿರುತ್ತಾಳೆ, ಉತ್ತರ ಅವಳ ಕೈಗೆ ಕೊಟ್ಟು ಕಳಿಸು.

ಮುನಿರತ್ನಮ್ಮ